ಕಂಬಕ್ಕ ರೊಕ್ಕ ಅದ, ಹಾರ್ಡ್ ಡಿಸ್ಕಿಗಿ ಇಲ್ಲ

ಇವತ್ತು ಮುಂಜಾನೆ ಕಲಬುರಗಿಯ ಒಂದು ಸರ್ಕಲ್‌ನ್ಯಾಗ ಹೊಸ ಸಿಸಿಟಿವಿ ಕಂಬಕ್ಕ ಹೂವಿನ ಹಾರ ಹಾಕಿ, ಟೆಂಗಿನಕಾಯಿ ಒಡದು ಫೋಟೋ ತೆಗಿಸ್ಕೊಳ್ಳೋದು ನಡದಿತ್ತು. ಹತ್ತು ಹೆಜ್ಜಿ ಆಚಿ ಹಳೀ ಕಂಬ. ಅದರ ಕ್ಯಾಮರಾ ನೆಲಕ್ಕ ಮಾರಿ ಮಾಡ್ಯದ, ಲೆನ್ಸಿಗಿ ಜ್ಯಾಡ ಬಲಿ ಕಟ್ಟ್ಯದ, ಕೆಳಗಿನ ಪೆಟ್ಟಿಗಿಗಿ ಬಾಗಲಾನೇ ಇಲ್ಲ. ಅದಕ್ಕೂ ಒಂದಿನ ಹಾರ ಬಿದ್ದಿತ್ತು, ಮರೀಬ್ಯಾಡ್ರಿ.

ಗುನ್ನೆ ತಡೀಲಿಕ್ಕ ಸರ್ಕಾರ ಖರ್ಚು ಮಾಡಂಗಿಲ್ಲ ಅಂತ ನಾ ಅನ್ನಂಗಿಲ್ಲ. ಮಾಡ್ತದ, ಕಣ್ಣಿಗಿ ಕಾಣೋದಕ್ಕ ಮಾತ್ರ. ಕಂಬ, ಕ್ಯಾಮರಾ ಬಂಡವಾಳ ವೆಚ್ಚ, ಅಂದ್ರ ಒಮ್ಮಿ ಕೊಂಡು ಹಚ್ಚೋದು. ಕರೆಂಟ್ ಬಿಲ್, ಡಿಸ್ಕ್, ಬ್ಯಾಟರಿ, ಏಣಿ ಹತ್ತಿ ಲೆನ್ಸ್ ಒರಸೋನ ಪಗಾರ ರಾಜಸ್ವ ವೆಚ್ಚ, ಅಂದ್ರ ದಿನಾ ನಡಸೋ ಖರ್ಚು. ಮೊದಲನೇದಕ್ಕ ಉದ್ಘಾಟನಿ. ಎರಡನೇದಕ್ಕ "ಅನುದಾನ ಬಂದಿಲ್ರಿ".

ಲೆಕ್ಕ ಹಾಕ್ರಿ. 2 ಮೆಗಾಪಿಕ್ಸೆಲ್ ಕ್ಯಾಮರಾ ಸೆಕೆಂಡಿಗಿ 4 ಮೆಗಾಬಿಟ್ ಬರದ್ರ ದಿನಕ್ಕ 43 ಜಿಬಿ. ಹಂತಾವು 16 ಇದ್ರ ಸುಮಾರು 690 ಜಿಬಿ. ಚಿತ್ರ ಕೂಡಿಡೋ ರೆಕಾರ್ಡರ್‌ನ್ಯಾಗ 4 ಟಿಬಿ (4000 ಜಿಬಿ) ಡಿಸ್ಕ್ ಇತ್ತಂದ್ರ ಆರನೇ ದಿನ ಮುಗಿಯೂದ್ರಾಗ ಅದು ತುಂಬಿ, ಮೊದಲನೇ ದಿನದ ಚಿತ್ರ ಅಳಿಸಲಿಕ್ಕ ಶುರು. ಫಿರ್ಯಾದಿ ಏಳನೇ ದಿನ ಬಂದ್ರ? ಒಂದು ತಿಂಗಳು ಇಡಬೇಕಂದ್ರ 21 ಟಿಬಿ ಬೇಕು. ಹಳೀ ಎಚ್.264 ಬಿಟ್ಟು ಎಚ್.265ಕ್ಕ (ಚಿತ್ರ ಇನ್ನಾ ಸಣ್ಣ ಮಾಡಿ ಇಡೋ ಪದ್ಧತಿ) ಬದಲಿಸಿದ್ರ ಹೆಚ್ಚುಕಮ್ಮಿ ಅರ್ಧಕ್ಕ ಇಳೀತದ, ಕ್ಯಾಮರಾ, ರೆಕಾರ್ಡರ್ ಎರಡೂ ಅದಕ್ಕ ಒಪ್ಪಿದ್ರ ಅದು ಸೆಟ್ಟಿಂಗ್ಸ್‌ನ್ಯಾಗ ಎರಡು ನಿಮಿಷದ ಕೆಲಸ. ಅದನ್ನೂ ಮಾಡೋರಿಲ್ಲ! ಪೊಲೀಸ್ ಠಾಣಿ ಒಳಗಿನ ಚಿತ್ರ ಕನಿಷ್ಠ ಒಂದು ವರ್ಷ ಇಡ್ರಿ ಅಂತ ಸುಪ್ರೀಂ ಕೋರ್ಟ್ 2020ರಾಗೇ ಹೇಳ್ಯದ. ರಸ್ತೆದ್ದು ಒಂದು ವಾರ ಉಳಿದ್ರ ಪುಣ್ಯ.

ಇನ್ನ ಲೆನ್ಸ್. ಸರ್ಕಲ್ ಪೂರಾ ಕಾಣ್ಲಿ ಅಂತ ಅಗಲ ನೋಟದ 2.8 ಮಿ.ಮೀ. ಲೆನ್ಸ್ ಹಚ್ತಾರ. 20 ಮೀಟರ್ ದೂರದಾಗ ಅದು ಸುಮಾರು 50 ಮೀಟರ್ ಅಗಲ ಹಿಡೀತದ. ಚಿತ್ರದ ಅಗಲಕ್ಕ ಇರೋ 1920 ಪಿಕ್ಸೆಲ್ (ಚುಕ್ಕಿ) ಅಷ್ಟಕ್ಕೂ ಹಂಚಿದ್ರ ಮೀಟರಿಗಿ 40ರ ಆಸುಪಾಸು. ಗುರ್ತಿಲ್ಲದ ಮಾರಿ ಗುರ್ತು ಹಿಡೀಲಿಕ್ಕ 250 ಬೇಕು. ಅರ್ಧ ಮೀಟರ್ ನಂಬರ್ ಪ್ಲೇಟಿಗಿ 20 ಪಿಕ್ಸೆಲ್ ಬಂದ್ರ ಅದ್ರಾಗ ಹತ್ತು ಅಕ್ಷರ ಹೆಂಗ ಕೂಡ್ತಾವ? ಪ್ಲೇಟಿಗಿ ಬ್ಯಾರೆ, ದೂರದ್ದು ದೊಡ್ಡದಾಗಿ ತೋರ್ಸೋ 12 ಮಿ.ಮೀ. ಲೆನ್ಸ್ ಬೇಕು, ಶಟರ್ (ಬೆಳಕು ಒಳಗ ಬಿಡೋ ಹೊತ್ತು) 1/500 ಸೆಕೆಂಡಿಗಿಂತ ಚುರುಕ ಇರಬೇಕು. ಇಲ್ಲಂದ್ರ ರಾತ್ರಿ ಹೆಡ್‌ಲೈಟಿನ ಬೆಳ್ಳನ ಉಂಡಿ ಒಂದೇ ಕಾಣ್ತದ.

ಬೀದರದಾಗ 2025ರ ಜನವರಿ 16ಕ್ಕ ಹಾಡಹಗಲೇ ಎಟಿಎಂ ರೊಕ್ಕದ ಸಿಬ್ಬಂದಿ ಮ್ಯಾಲ ಗುಂಡು ಹಾರಿಸಿ, ಪೆಟ್ಟಿಗಿ ಬೈಕ್ ಮ್ಯಾಲ ಇಟ್ಕೊಂಡು ಹೋದವರು ಅದೇ ದಿನ ಹೈದರಾಬಾದಿನ ಅಫ್ಜಲ್‌ಗಂಜ್‌ನ್ಯಾಗೂ ಗುಂಡು ಹಾರಿಸಿದ್ರು. ಗಡಿ ದಾಟೋ ಇಂಥಾ ಗುನ್ನೆದಾಗ ಒಂದು ಕ್ಯಾಮರಾದಿಂದ ಇನ್ನೊಂದಕ್ಕ ಕೊಂಡಿ ಹಾಕ್ಕೋತ ಹೋಗಬೇಕು. ಒಂದರ ಗಡಿಯಾರ 7 ನಿಮಿಷ ಮುಂದ, ಇನ್ನೊಂದರದು 12 ನಿಮಿಷ ಹಿಂದ ಇದ್ರ ಕೊಂಡಿ ಹರೀತದ. ರೆಕಾರ್ಡರ್ ಒಳಗಿನ ಗಡಿಯಾರ ನಡಸೋ ಗುಂಡಿ ಸೆಲ್ ಸತ್ರ ಕರೆಂಟ್ ಹೋಗಿ ಬಂದಕೂಡ್ಲೇ ತಾರೀಖೇ ತಪ್ತದ. ಆ ಸೆಲ್ಲಿನ ಕಿಮ್ಮತ್ತು ಒಂದು ಪ್ಲೇಟ್ ಮಿರ್ಚಿಗಿಂತ ಭಾಳ ಇಲ್ರಿ. ಕರೆಂಟ್ ಹೋದಾಗ ಕ್ಯಾಮರಾ ನಡಸೋ ಬ್ಯಾಟರಿನೂ ಹಂಗೇ: 25 ಡಿಗ್ರಿ ಲೆಕ್ಕದಾಗ ಮಾಡಿದ್ದು, ಮ್ಯಾಲ 10 ಡಿಗ್ರಿ ಏರಿದ್ರ ಆಯುಷ್ಯ ಅರ್ಧ. ನಮ್ಮ ಮೇ ತಿಂಗಳ ಬಿಸಲಾಗ ಕಬ್ಬಿಣದ ಪೆಟ್ಟಿಗಿ ಒಳಗ ಏನಾಗ್ತದ ಅಂತ ಟೆಂಡರ್ ಬರದವರು ಒಮ್ಮಿ ಕೈ ಇಟ್ಟು ನೋಡ್ಲಿ.

"ಕ್ಯಾಮರಾ ಬಿಡ್ರಿ, ಸಾಲಿ-ನೌಕ್ರಿಗಿ ಖರ್ಚು ಮಾಡ್ರಿ, ಕಳ್ಳತನ, ಭಯೋತ್ಪಾದನೆ ತಾನೇ ಇಳೀತಾವ" ಅನ್ನೋರು ಬರ್ತಾರ, ಗೊತ್ತದ. ಬ್ಯಾಡ ಅಂದವರ್ಯಾರು? ಆದ್ರ ಅಲ್ಲೂ ಕೋಣಿ ಕಟ್ತಾರ, ಮಾಸ್ತರ ಇರಂಗಿಲ್ಲ. ರೋಗ ಒಂದೇ. 40 ವರ್ಷದ ಅಧ್ಯಯನ ಕೂಡ್ಸಿ ನೋಡಿದವರು, ಪರದಿ ಮುಂದ ಮನುಷ್ಯ ಕೂತು ನೋಡಿದಲ್ಲೇ ಕ್ಯಾಮರಾ ಹೆಚ್ಚು ಕೆಲಸ ಮಾಡ್ಯದ ಅಂತಾರ. ಆ ಮನುಷ್ಯಗೂ ಪಗಾರ ಬೇಕಲ್ಲ, ಅದು ಬಜೆಟ್ಟಿನ ಯಾವ ಶೀರ್ಷಿಕಿದಾಗ ಅದ?

ಟೆಂಡರ್‌ನ್ಯಾಗೇ ಐದು ವರ್ಷದ ನಿರ್ವಹಣಿ ಸೇರಸ್ರಿ. ಬಿಲ್ಲು ಮೂರು ತಿಂಗಳಿಗೊಮ್ಮಿ, ನೂರಕ್ಕ 95 ತಾಸು ಚಿತ್ರ ಬಂದಿದ್ರ ಮಾತ್ರ ಪೂರಾ ಕೊಡ್ರಿ. ಗುತ್ತಿಗೆದಾರ ತಾನೇ ಏಣಿ ಹಿಡ್ಕೊಂಡು ಬರ್ತಾನ.

ಸಂಜಿಕಿ ಆ ಕಡಿಂದ ಬರೋ ಮುಂದ ಮತ್ತ ನೋಡ್ದೆ. ಹಾರ ಇನ್ನಾ ಅಲ್ಲೇ ಅದ, ಗಾಳಿಗಿ ಲೆನ್ಸ್ ಮುಂದ ಜೋಲಿ ಹೊಡೀಲತ್ತದ. ತೆಗೀಲಿಕ್ಕ ಏಣಿ ಬೇಕಲ್ರಿ.