ವಿಂಗ್ ಚುನ್ ಕಲಿತವರು ಹೊಡೆದಾಟದಲ್ಲಿ ಯಾಕೆ ಸೋಲುತ್ತಾರೆ?

ವಿಂಗ್ ಚುನ್ ಕುಂಗ್ ಫೂ ನಿಜವಾದ ಹೊಡೆದಾಟದಲ್ಲಿ ಕೆಲಸಕ್ಕೆ ಬರುತ್ತಾ ಅಂತ ಕೇಳಿದರೆ ನನ್ನ ಉತ್ತರ ಸಣ್ಣದು. ಈಗ ಹೆಚ್ಚಿನ ಕಡೆ ಕಲಿಸುವ ರೀತಿಯಲ್ಲಿ ಬರುವುದಿಲ್ಲ. ಈ ಮಾತಿಗೆ ನನ್ನ ಜೊತೆ ಕಲಿತವರೇ ಮುನಿಸಿಕೊಂಡಿದ್ದಾರೆ. ನನಗೇನೂ ಆ ಕಲೆಯ ಮೇಲೆ ದ್ವೇಷವಿಲ್ಲ ಮಾರಾಯ್ರೇ. ಬೆಂಗಳೂರಿನಲ್ಲಿ ಕೆಲವು ವರ್ಷ ಕಲಿತಿದ್ದೇನೆ, ಈಗಲೂ ಬೆಳಿಗ್ಗೆ ತಾರಸಿ ಮೇಲೆ ಮೊದಲನೇ ಫಾರ್ಮ್ (ಕ್ರಮವಾಗಿ ಮಾಡುವ ವರಸೆಗಳ ಸರಣಿ) ಮಾಡುತ್ತೇನೆ. ಅದರ ಮೇಲೆ ಪ್ರೀತಿ ಇರೋದು ಬೇರೆ, ಅದು ನನ್ನನ್ನು ಕಾಪಾಡುತ್ತೆ ಅಂತ ನಂಬೋದು ಬೇರೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಇದು ದಕ್ಷಿಣ ಚೀನಾದ ಫೋಶಾನ್ ಊರಿನ ಕಡೆಯ ಕಲೆ. ಒಬ್ಬ ಬೌದ್ಧ ಸನ್ಯಾಸಿನಿ ಯಿಮ್ ವಿಂಗ್ ಚುನ್ ಅನ್ನೋ ಹುಡುಗಿಗೆ ಇದನ್ನು ಕಲಿಸಿದಳು, ಬಲವಂತವಾಗಿ ಮದುವೆಯಾಗಲು ಬಂದ ಪುಂಡನನ್ನು ಆ ಹುಡುಗಿ ಹೊಡೆದು ಓಡಿಸಿದಳು ಅಂತ ಕಥೆ. ಕಥೆ ಚೆನ್ನಾಗಿದೆ, ದಾಖಲೆ ಇಲ್ಲ. ಕೈಗೆ ಸಿಗುವ ಚರಿತ್ರೆ ಶುರುವಾಗುವುದು 19ನೇ ಶತಮಾನದ ಫೋಶಾನ್ ವೈದ್ಯ ಲ್ಯೂಂಗ್ ಜಾನ್‌ನಿಂದ. ಅವನ ಶಿಷ್ಯ ಚಾನ್ ವಾ ಶುನ್. ಚಾನ್ ವಾ ಶುನ್‌ಗೆ ವಯಸ್ಸಾದ ಮೇಲೆ ಸಿಕ್ಕ ಶಿಷ್ಯ ಇಪ್ ಮ್ಯಾನ್. 1893ರಲ್ಲಿ ಹುಟ್ಟಿದ ಇಪ್ ಮ್ಯಾನ್ ಅನುಕೂಲಸ್ಥರ ಮನೆಯ ಮಗ. ಚೀನಾದಲ್ಲಿ ಕಮ್ಯುನಿಸ್ಟರು ಅಧಿಕಾರಕ್ಕೆ ಬಂದಾಗ ಎಲ್ಲ ಬಿಟ್ಟು ಹಾಂಗ್ ಕಾಂಗ್‌ಗೆ ಬಂದರು. 1950ರಲ್ಲಿ ಹೊಟ್ಟೆಪಾಡಿಗೆ ಅಂತ ಹೋಟೆಲ್ ಕೆಲಸಗಾರರ ಸಂಘದಲ್ಲಿ ಪಾಠ ಶುರು ಮಾಡಿದರು. ಇವತ್ತು ಜಗತ್ತಿನಲ್ಲಿ ಕಾಣುವ ವಿಂಗ್ ಚುನ್‌ನ ಬಹುಪಾಲು ಬಂದಿರೋದು ಆ ಒಬ್ಬರಿಂದಲೇ.

(ಕಾಮೆಂಟ್‌ನಲ್ಲಿ ಯಾರಾದರೂ ಭಾರತದಿಂದ ಚೀನಾಕ್ಕೆ ಹೋದ ಬೌದ್ಧ ಭಿಕ್ಷು ಬೋಧಿಧರ್ಮನನ್ನು ಕರೆತರುವ ಮೊದಲೇ ಹೇಳಿಬಿಡುತ್ತೇನೆ. ಅವನು ಚೀನಾದ ಶಾವೊಲಿನ್ ಮಠದ ಸನ್ಯಾಸಿಗಳಿಗೆ ವ್ಯಾಯಾಮ ಕಲಿಸಿದ ಅನ್ನೋ ಮಾತು ಬಂದಿದ್ದು 17ನೇ ಶತಮಾನದ ಒಂದು ಚೀನೀ ಪುಸ್ತಕದಿಂದ. ಅವನ ಕಾಲ ಅದಕ್ಕಿಂತ ಸಾವಿರ ವರ್ಷ ಹಿಂದಿನದು. ‘ಕುಂಗ್ ಫೂ ನಮ್ಮವರದ್ದೇ’ ಅನ್ನೋ ವಾಟ್ಸಾಪ್ ಹೆಮ್ಮೆಗೆ ಇಷ್ಟು ಸಾಕು.)

ಇನ್ನು ಕಲೆಯ ಒಳಗೆ ಏನಿದೆ ಅಂದರೆ, ಎದುರಾಳಿಗೂ ನಮಗೂ ನಡುವೆ ನೇರ ಗೆರೆ ಎಳೆದುಕೊಂಡು ಆ ಗೆರೆಯನ್ನು ಕಾಯುವುದು. ಅವನ ಕೈ ತಟ್ಟಿ ತಳ್ಳಿ, ಆ ಸಂದಿಯಲ್ಲಿ ನೇರವಾಗಿ ಒಂದರ ಹಿಂದೆ ಒಂದು ಗುದ್ದುವುದು. ಇದಕ್ಕೆ ಚೈನ್ ಪಂಚ್ ಅನ್ನುತ್ತಾರೆ. ಮೂರು ಕೈಫಾರ್ಮ್, ಒಂದು ಮರದ ಬೊಂಬೆ, ಉದ್ದ ಕೋಲು, ಜೋಡಿ ಕತ್ತಿ. ಮತ್ತೆ ಚಿ ಸಾವೊ. ಇಬ್ಬರು ಮುಂಗೈಗೆ ಮುಂಗೈ ತಾಗಿಸಿಕೊಂಡು ಉರುಳಿಸುತ್ತಾ, ಎದುರಿನವನ ಕೈಯ ಒತ್ತಡದಿಂದಲೇ ಅವನ ಮುಂದಿನ ನಡೆಯನ್ನು ಊಹಿಸುವ ಅಭ್ಯಾಸ. ಮಾಡಲು ತುಂಬಾ ಮಜಾ. ಗಂಟೆ ಕಳೆದದ್ದು ಗೊತ್ತಾಗುವುದಿಲ್ಲ. ತೊಂದರೆ ಶುರುವಾಗುವುದೂ ಅಲ್ಲಿಂದಲೇ.

ಚಿ ಸಾವೊದಲ್ಲಿ ಕೈಗಳು ಮೊದಲೇ ತಾಗಿರುತ್ತವೆ. ನಿಜವಾದ ಜಗಳದಲ್ಲಿ ಯಾರೂ ಹಾಗೆ ಕೈ ಚಾಚಿಕೊಂಡು ನಿಂತು ಕಾಯುವುದಿಲ್ಲ. ಹೊಡೆಯುವವನು ದೂರದಿಂದ ಬರುತ್ತಾನೆ, ಹೊಡೆದು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾನೆ, ಪಕ್ಕಕ್ಕೆ ಸರಿಯುತ್ತಾನೆ. ಆ ದೂರವನ್ನು ದಾಟುವುದೇ ಹೊಡೆದಾಟದ ಅತಿ ಕಷ್ಟದ ಕೆಲಸ. ಬಾಕ್ಸಿಂಗ್ ಕಲಿಯುವವನು ತಿಂಗಳುಗಟ್ಟಲೆ ಜ್ಯಾಬ್ (ಮುಂದಿನ ಕೈಯ ಚುರುಕಾದ ನೇರ ಗುದ್ದು) ಮತ್ತು ಕಾಲಿನ ಓಡಾಟಕ್ಕೇ ಬೆವರು ಹರಿಸುವುದು ಅದಕ್ಕೇ. ವಿಂಗ್ ಚುನ್ ತರಗತಿಗಳಲ್ಲಿ ಆ ಭಾಗವನ್ನೇ ಹಾರಿಸಿ, ಕೈ ತಾಗಿದ ನಂತರದ ಆಟವನ್ನು ವರ್ಷಗಟ್ಟಲೆ ಕಲಿಸುತ್ತಾರೆ. ಬರೀ ಅಂಡರ್ ಆರ್ಮ್ ಬೌಲಿಂಗ್‌ಗೆ ಆಡಿದ ಹುಡುಗನನ್ನು ಒಮ್ಮೆಗೇ ಲೆದರ್ ಬಾಲ್ ವೇಗಿಯ ಮುಂದೆ ನಿಲ್ಲಿಸಿದ ಹಾಗೆ. ಅವನ ಬ್ಯಾಟ್ ಹಿಡಿತ ಸರಿಯಾಗೇ ಇರಬಹುದು. ಚೆಂಡು ಬಂದದ್ದೇ ಕಾಣುವುದಿಲ್ಲ, ಅಷ್ಟೆ.

ಎರಡನೆಯ ತೊಂದರೆ ಹುಕ್, ಅಂದರೆ ಬದಿಯಿಂದ ಬೀಸುವ ಗುದ್ದು. ಗೆರೆಯನ್ನೇ ಕಾಯುತ್ತಾ ಗದ್ದ ಎತ್ತಿ, ಬೆನ್ನು ನೆಟ್ಟಗೆ ಮಾಡಿ, ಭಾರ ಹಿಂಗಾಲಿನ ಮೇಲೆ ಬಿಟ್ಟು ನಿಂತವನಿಗೆ ಬದಿಯಿಂದ ಬರುವ ಏಟು ಕಾಣುವುದೇ ಇಲ್ಲ. ಸುಮ್ನೆ ಬೀದಿ ಜಗಳ ನೋಡಿ. ಏನೂ ಕಲಿಯದವನು ಮೊದಲು ಬೀಸುವುದು ಯಾವ ಏಟನ್ನ? ಬಲಗೈಯಿಂದ ಬದಿಗೆ ಬೀಸುವ ಆ ದೊಡ್ಡ ಏಟನ್ನೇ. ಜಗತ್ತಿನಲ್ಲಿ ಅತಿ ಹೆಚ್ಚು ಬೀಳುವ ಏಟಿಗೇ ಅಭ್ಯಾಸ ಕಡಿಮೆ ಇದ್ದರೆ ಹೇಗೆ?

ಇನ್ನೊಂದು ವಿಷಯವನ್ನು ನಮ್ಮ ಸಿಫುಗಳು (ಕುಂಗ್ ಫೂ ಗುರುಗಳು) ಮಾತಾಡುವುದೇ ಕಡಿಮೆ. ವಿಂಗ್ ಚುನ್ ಗುದ್ದಿನಲ್ಲಿ ಮುಷ್ಟಿ ನೆಟ್ಟಗೆ ನಿಂತಿರುತ್ತೆ, ತಾಗಬೇಕಾದದ್ದು ಕೆಳಗಿನ ಮೂರು ಗೆಣ್ಣು. ಆದರೆ ಬರಿಗೈಯಲ್ಲಿ ತಲೆಗೆ ಗುದ್ದಿದವರಿಗೆ ಜಾಸ್ತಿ ಮುರಿಯುವುದು ಕಿರುಬೆರಳಿನ ಕಡೆಯ ಅಂಗೈ ಮೂಳೆಯೇ. ಡಾಕ್ಟರುಗಳು ಅದಕ್ಕೆ ‘ಬಾಕ್ಸರ್ಸ್ ಫ್ರಾಕ್ಚರ್’ ಅಂತ ಹೆಸರೇ ಇಟ್ಟಿದ್ದಾರೆ. ಗೋಡೆಗೆ ತೂಗುಹಾಕಿದ ಮೆತ್ತಗಿನ ಗೋಡೆಚೀಲಕ್ಕೆ ಸಾವಿರ ಗುದ್ದು ಹಾಕಿದವನಿಗೆ ಇದು ಗೊತ್ತಾಗುವುದಿಲ್ಲ. ತಲೆಬುರುಡೆ ಗೋಡೆಚೀಲ ಅಲ್ವಲ್ಲ.

ಹಾಗಾದರೆ ಹಾಂಗ್ ಕಾಂಗ್‌ನಲ್ಲಿ ಈ ಕಲೆಗೆ ಅಷ್ಟು ಹೆಸರು ಬಂದದ್ದು ಹೇಗೆ? ನನಗೆ ಇದೇ ಮುಖ್ಯ ಪ್ರಶ್ನೆ. 1950ರ ದಶಕದಲ್ಲಿ ಅಲ್ಲಿನ ಹುಡುಗರು ಬೇರೆ ಬೇರೆ ಕುಂಗ್ ಫೂ ಶಾಲೆಗಳ ಹುಡುಗರ ಜೊತೆ ತಾರಸಿಗಳ ಮೇಲೆ, ಮುಚ್ಚಿದ ಕೋಣೆಗಳಲ್ಲಿ ಕದ್ದುಮುಚ್ಚಿ ಹೊಡೆದಾಡುತ್ತಿದ್ದರು. ಬೇಮೊ ಅಂತಿದ್ದರು ಅದನ್ನ. ಇಪ್ ಮ್ಯಾನ್ ಶಿಷ್ಯ ವಾಂಗ್ ಶುನ್ ಲ್ಯೂಂಗ್ ಇಂಥ ಕಾಳಗಗಳಲ್ಲೇ ಹೆಸರು ಮಾಡಿದವರು, ಅದಕ್ಕೂ ಮೊದಲು ಬಾಕ್ಸಿಂಗ್ ಮಾಡಿದ್ದವರು. ಬ್ರೂಸ್ ಲೀಗೆ ವಿಂಗ್ ಚುನ್‌ನ ದೊಡ್ಡ ಪಾಲು ಕಲಿಸಿದ್ದೂ ಅವರೇ. 1958ರಲ್ಲಿ ಬ್ರೂಸ್ ಲೀ ಹಾಂಗ್ ಕಾಂಗ್ ಶಾಲೆಗಳ ಬಾಕ್ಸಿಂಗ್ ಟೂರ್ನಿಯಲ್ಲಿ ಹಿಂದಿನ ಚಾಂಪಿಯನ್ ಇಂಗ್ಲಿಷ್ ಹುಡುಗನನ್ನು ಸೋಲಿಸಿದ. ಅಂದರೆ ಈ ಹುಡುಗರು ಕಲಿತದ್ದನ್ನು ವಾರವಾರ ಅಪರಿಚಿತನ ಮುಖದ ಮೇಲೆ ಪರೀಕ್ಷೆ ಮಾಡುತ್ತಿದ್ದರು. ಕೆಲಸ ಮಾಡದ್ದನ್ನು ಬಿಡುತ್ತಿದ್ದರು. ಎದುರಾಳಿಗಳೂ ಅದೇ ಊರಿನ ಬೇರೆ ಕುಂಗ್ ಫೂ ಹುಡುಗರು, ಜಾಗವೂ ಇಕ್ಕಟ್ಟು. ಆ ಪರಿಸರದಲ್ಲಿ ಹತ್ತಿರದಿಂದ ಸರಸರ ಗುದ್ದುವ ಕಲೆ ಗೆದ್ದಿದ್ದು ನ್ಯಾಯವೇ. ನಮಗೆ ಬಂದದ್ದು ಅವರ ಕೈವರಸೆ ಮಾತ್ರ. ತಾರಸಿ ಬರಲಿಲ್ಲ.

ಬ್ರೂಸ್ ಲೀಗೇ ಇದರ ಬಿಸಿ ತಟ್ಟಿತು. 1964ರಲ್ಲಿ ಅಮೆರಿಕದ ಓಕ್‌ಲೆಂಡ್‌ನಲ್ಲಿ ವಾಂಗ್ ಜಾಕ್ ಮ್ಯಾನ್ ಎಂಬವನ ಜೊತೆ ಬಾಗಿಲು ಹಾಕಿಕೊಂಡು ಹೊಡೆದಾಡಿದ. ಯಾರು ಗೆದ್ದರು, ಎಷ್ಟು ಹೊತ್ತು ನಡೆಯಿತು ಅನ್ನೋದರ ಬಗ್ಗೆ ಎರಡೂ ಕಡೆಯವರದು ಬೇರೆ ಬೇರೆ ಮಾತು. ಆದರೆ ಎದುರಾಳಿ ಹಿಂದಕ್ಕೆ ಸರಿಯುತ್ತಾ ಓಡಾಡಿದಾಗ ತನ್ನ ಚೈನ್ ಪಂಚ್ ನಡೆಯಲಿಲ್ಲ, ತನಗೆ ಏದುಸಿರು ಬಂತು ಅನ್ನೋದು ಬ್ರೂಸ್ ಲೀಯನ್ನು ಕಾಡಿತು. ಆಮೇಲೆ ಓಟ, ತೂಕ ಎತ್ತುವುದು, ಬಾಕ್ಸಿಂಗ್, ಫೆನ್ಸಿಂಗ್ ಎಲ್ಲವನ್ನೂ ಹಿಡಿದು ಕೂತ. ವಿಂಗ್ ಚುನ್ ಜಗತ್ತಿಗೆಲ್ಲ ಗೊತ್ತಾಗಿದ್ದು ಬ್ರೂಸ್ ಲೀಯಿಂದ, ಅದನ್ನು ದಾಟಿ ಹೋದವನೂ ಅವನೇ. ಅವನ ಫೋಟೊ ಗೋಡೆಗೆ ಹಾಕಿಕೊಂಡ ಶಾಲೆಗಳು ಈ ಎರಡನೇ ಭಾಗ ಹೇಳುವುದಿಲ್ಲ.

ಇದು ವಿಂಗ್ ಚುನ್ ಒಂದರ ಸಮಸ್ಯೆ ಅಂತ ತಿಳಿಯಬೇಡಿ. 1954ರ ಜನವರಿಯಲ್ಲಿ ಮಕಾವ್‌ನಲ್ಲಿ ಒಂದು ದತ್ತಿ ಕಾರ್ಯಕ್ರಮಕ್ಕೆ ತಾಯ್ ಚಿ ಗುರು ವು ಗಾಂಗ್ ಯಿ ಮತ್ತು ಬಿಳಿ ಕೊಕ್ಕರೆ ಶೈಲಿಯ ಚಾನ್ ಹಾಕ್ ಫು ಕಣಕ್ಕಿಳಿದರು. ಒಬ್ಬರಿಗೆ ಐವತ್ತು ದಾಟಿತ್ತು, ಇನ್ನೊಬ್ಬರಿಗೆ ಮೂವತ್ತರ ಹರೆಯ. ಅದರ ಫಿಲ್ಮ್ ಈಗಲೂ ಸಿಗುತ್ತೆ, ಖಂಡಿತ ನೋಡಿ. ಕೊಕ್ಕರೆಯೂ ಇಲ್ಲ, ತಾಯ್ ಚಿಯೂ ಇಲ್ಲ. ಇಬ್ಬರು ಗಾಬರಿಬಿದ್ದ ಗಂಡಸರು ಕೈ ಬೀಸುತ್ತಾರೆ, ಒಬ್ಬರ ಮೂಗಲ್ಲಿ ರಕ್ತ, ಕೊನೆಗೆ ಸೋಲೂ ಇಲ್ಲ ಗೆಲುವೂ ಇಲ್ಲ ಅಂತ ತೀರ್ಪು. ತಮಾಷೆ ಏನೆಂದರೆ, ಈ ಪಂದ್ಯದ ಹುಚ್ಚು ಎಷ್ಟಿತ್ತೆಂದರೆ ಹಾಂಗ್ ಕಾಂಗ್‌ನ ಪತ್ರಿಕೆಯೊಂದು ಕೆಲವೇ ದಿನಗಳಲ್ಲಿ ಕತ್ತಿವೀರರ ಧಾರಾವಾಹಿ ಶುರು ಮಾಡಿತು. ಆ ಬಗೆಯ ಕಾದಂಬರಿಗಳ ಹೊಸ ಅಲೆ ಎದ್ದದ್ದೇ ಅಲ್ಲಿಂದ, ಸಿನಿಮಾಗಳು ಆ ಅಲೆಯ ಮೇಲೆ ಬಂದವು. ಅಷ್ಟು ಸಾಧಾರಣ ಹೊಡೆದಾಟದಿಂದ ಅಷ್ಟು ದೊಡ್ಡ ಕನಸು!

ಆ ಕನಸಿಗೆ ಬಕೆಟ್ ತಣ್ಣೀರು ಸುರಿದವನು ಬೀಜಿಂಗ್‌ನ ಎಂಎಂಎ (ಗುದ್ದು, ಒದೆತ, ಕುಸ್ತಿ ಎಲ್ಲ ಸೇರಿದ ಕಾಳಗ) ಕೋಚ್ ಶು ಶಿಯಾವೊಡಾಂಗ್. 2017ರ ಏಪ್ರಿಲ್‌ನಲ್ಲಿ ಚೆಂಗ್ಡು ನಗರದಲ್ಲಿ ತಾಯ್ ಚಿ ಗುರು ವೇ ಲೇಯನ್ನು ಅರ್ಧ ನಿಮಿಷದೊಳಗೆ ಕೆಡವಿ ಹಾಕಿದ. ಮರುವರ್ಷ ವಿಂಗ್ ಚುನ್‌ನ ಡಿಂಗ್ ಹಾವೊ. ಡಿಂಗ್ ಮತ್ತೆ ಮತ್ತೆ ನೆಲಕ್ಕೆ ಬಿದ್ದರೂ ಪಂದ್ಯ ಡ್ರಾ ಅಂದರು. ಶು ಪ್ರಪಂಚದ ದೊಡ್ಡ ಫೈಟರ್ ಏನಲ್ಲ. ಸ್ವಲ್ಪ ದಪ್ಪಗಿನ, ಬಾಯಿ ಜೋರಿನ ನಡುವಯಸ್ಸಿನ ಮನುಷ್ಯ. ಆದರೆ ದಿನಾ ಏಟು ಕೊಟ್ಟು ಏಟು ತಿಂದವನು. ಎದುರಿಗಿದ್ದವರಿಗೆ ಆ ಅಭ್ಯಾಸವೇ ಇರಲಿಲ್ಲ. ಚೀನಾದಲ್ಲಿ ಅವನಿಗೆ ಸಿಕ್ಕ ಬಹುಮಾನ ಏನು ಗೊತ್ತಾ? ಸೋಷಿಯಲ್ ಮೀಡಿಯಾ ಖಾತೆ ಹೋಯಿತು. ಇನ್ನೊಬ್ಬ ತಾಯ್ ಚಿ ಗುರುವಿನ ಬಗ್ಗೆ ಆಡಿದ ಮಾತಿಗೆ ಕೋರ್ಟು ದಂಡ ಹಾಕಿತು, ಕ್ಷಮೆ ಕೇಳು ಅಂತು. ವಿಮಾನ, ವೇಗದ ರೈಲಿನ ಟಿಕೆಟ್ ಕೊಳ್ಳುವುದಕ್ಕೂ ತಡೆ ಬಿತ್ತು. ಅವನ ಭಾಷೆ ನನಗೂ ಇಷ್ಟವಾಗುವುದಿಲ್ಲ. ಆದರೆ ಅವನು ತೋರಿಸಿದ್ದನ್ನು ದಂಡ ಹಾಕಿ ಅಳಿಸಲಾಗುವುದಿಲ್ಲ.

ಇಷ್ಟು ಹೇಳಿದ ಕೂಡಲೇ ಒಂದು ಉತ್ತರ ಬರುತ್ತೆ. “ನಮ್ಮದು ಕಣ್ಣು, ಗಂಟಲು, ಮರ್ಮಾಂಗಕ್ಕೆ ಹೊಡೆಯುವ ಕಲೆ. ರಿಂಗ್‌ನಲ್ಲಿ ಅದಕ್ಕೆಲ್ಲ ನಿಷೇಧ. ಬೀದಿಯಲ್ಲಿ ನೋಡಿ ಆಮೇಲೆ.” ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ. ಅಮೆರಿಕದ ಎಂಎಂಎ ಪಂದ್ಯಾವಳಿ ಯುಎಫ್‌ಸಿಯ 1994ರ ನಾಲ್ಕನೇ ಆವೃತ್ತಿ, ಯುಎಫ್‌ಸಿ 4 ನೋಡಿ. ಆಗ ಕಣ್ಣಿಗೆ ತಿವಿಯುವುದು, ಕಚ್ಚುವುದು ಬಿಟ್ಟರೆ ಹೆಚ್ಚುಕಡಿಮೆ ಎಲ್ಲ ನಡೆಯುತ್ತಿತ್ತು, ಮರ್ಮಾಂಗಕ್ಕೆ ಹೊಡೆಯುವುದೂ. ಅಲ್ಲಿ ಆಡಿದ ಕೀತ್ ಹ್ಯಾಕ್ನಿ ಅದನ್ನೇ ಮಾಡಿದ, ಎದುರಾಳಿ ಜೋ ಸನ್‌ನ ಮರ್ಮಾಂಗಕ್ಕೆ ಒಂದಾದ ಮೇಲೆ ಒಂದು ಗುದ್ದಿದ. ಎಲ್ಲಿಂದ? ಇಬ್ಬರೂ ನೆಲಕ್ಕೆ ಬಿದ್ದು, ಒಬ್ಬರನ್ನೊಬ್ಬರು ಹಿಡಿದು ಒದ್ದಾಡುವಾಗ. ‘ಅಪಾಯಕಾರಿ’ ಏಟು ಹೊಡೆಯುವುದಕ್ಕೂ ಮೊದಲು ಎದುರಾಳಿಯನ್ನು ಹಿಡಿದು ನಿಲ್ಲಿಸುವುದು ಗೊತ್ತಿರಬೇಕು. ಮೂಗಿನ ಮೇಲೆ ಒಂದು ಜ್ಯಾಬ್ ಮುಟ್ಟಿಸಲಾಗದವನ ಬೆರಳು ಅಲುಗಾಡುವ ತಲೆಯಲ್ಲಿರುವ ಕಣ್ಣಿಗೆ ಹೇಗೆ ತಾಗುತ್ತೆ ಹೇಳಿ. ಇನ್ನು ಬೀದಿಯಲ್ಲಿ ನಿಜವಾಗಲೂ ಒಬ್ಬನ ಕಣ್ಣು ಕಿತ್ತರೆ ಪೊಲೀಸ್ ಸ್ಟೇಷನ್, ಕೋರ್ಟು, ವಕೀಲರ ಫೀಸು ಯಾವ ಫಾರ್ಮ್‌ನಲ್ಲೂ ಬರುವುದಿಲ್ಲ.

ಕುಂಗ್ ಫೂ ಇಡೀ ದಂಡ ಅನ್ನುವವರ ಜೊತೆಗೂ ನಾನಿಲ್ಲ. ಚೀನಾದವರೇ ಒದೆತ, ಗುದ್ದು, ಹಿಡಿದು ಎಸೆಯುವುದನ್ನು ಸೇರಿಸಿ ಗ್ಲೌಸ್ ಹಾಕಿ ಆಡುವ ಸಾಂಡಾ ಬೆಳೆಸಿದರು. ಆ ದಾರಿಯಿಂದ ಬಂದ ಕಂಗ್ ಲೀ 2008ರಲ್ಲಿ ಒದ್ದ ಒದೆತ ತಡೆಯಲು ಹೋಗಿ ಎಂಎಂಎ ಫೈಟರ್ ಫ್ರಾಂಕ್ ಶ್ಯಾಮ್‌ರಾಕ್‌ನ ಕೈಯೇ ಮುರಿಯಿತು. ಸಣ್ಣವಳಿದ್ದಾಗ ಸಾಂಡಾ ಆಡಿದ ಜಾಂಗ್ ವೇಲಿ 2019ರಲ್ಲಿ ಶೆನ್‌ಜೆನ್‌ನಲ್ಲಿ 42 ಸೆಕೆಂಡಿನಲ್ಲಿ ಗೆದ್ದು ಚೀನಾದ ಮೊದಲ ಯುಎಫ್‌ಸಿ ಚಾಂಪಿಯನ್ ಆದಳು. ವಿಂಗ್ ಚುನ್‌ನ ಚೂರುಗಳೂ ಅಲ್ಲಲ್ಲಿ ಬದುಕಿವೆ. ಮಂಡಿಯ ಮೇಲೆ ತಳ್ಳಿ ಒದೆಯುವ ಅಡ್ಡ ಒದೆತವನ್ನು ಹೋಲುವುದನ್ನೇ ಯುಎಫ್‌ಸಿ ಫೈಟರ್ ಜಾನ್ ಜೋನ್ಸ್ ಎದುರಾಳಿಯನ್ನು ದೂರ ಇಡಲು ಬಳಸಿದ. ಮರದ ಬೊಂಬೆಗೆ ಹೊಡೆದು ಅಭ್ಯಾಸ ಮಾಡುವ ಇನ್ನೊಬ್ಬ ಯುಎಫ್‌ಸಿ ಫೈಟರ್ ಟೋನಿ ಫರ್ಗ್ಯುಸನ್ ಎದುರಿನವನ ಕೈ ತಟ್ಟಿ ಮೊಣಕೈ ಹಾಕುವುದನ್ನು ನೋಡಿದರೆ ನಮ್ಮ ಪಾಕ್ ಸಾವೊ (ಎದುರಿನವನ ಕೈ ತಟ್ಟುವ ವರಸೆ) ಗುರುತು ಸಿಗುತ್ತೆ. ಆದರೆ ಇವರೆಲ್ಲ ಮೊದಲು ಹೊಡೆದಾಟ ಬಲ್ಲವರು. ಮೇಲೆ ಈ ಚೂರು ಸೇರಿಸಿಕೊಂಡವರು.

ನಾನು ಬಾಕ್ಸಿಂಗ್ ಜಿಮ್‌ಗೆ ಹೋಗಲು ಶುರು ಮಾಡಿದ ಮೇಲೆ ನನ್ನ ಚಿ ಸಾವೊ ಹಾಳಾಗಲಿಲ್ಲ, ಚೆನ್ನಾಯಿತು. ಏಟಿಗೆ ಕಣ್ಣು ಮುಚ್ಚುವುದು ನಿಂತಿತು. ಕೈ ತಟ್ಟುವುದು ಯಾವಾಗ ಉಪಯೋಗ, ಯಾವಾಗ ತಲೆ ಬಗ್ಗಿಸಿ ಒಳಗೆ ನುಗ್ಗಬೇಕು ಅನ್ನೋದು ಮೈಗೆ ಗೊತ್ತಾಯಿತು. ಹಾಗಾಗಿ ಮಕ್ಕಳನ್ನು ಸೇರಿಸಲಾ ಅಂತ ಇನ್‌ಬಾಕ್ಸ್‌ನಲ್ಲಿ ಕೇಳುವವರಿಗೆ ಶೈಲಿಯ ಹೆಸರು ನೋಡಬೇಡಿ ಅನ್ನುತ್ತೇನೆ. ದೇಹಕ್ಕೆ ವ್ಯಾಯಾಮ, ಮನಸ್ಸಿಗೆ ಖುಷಿ, ಒಂದಷ್ಟು ಶಿಸ್ತು ಸಾಕು ಅಂದರೆ ಯಾವ ಕ್ಲಾಸ್ ಆದರೂ ಸರಿ, ವಿಂಗ್ ಚುನ್ ಒಳ್ಳೆಯದೇ. ಹೊಡೆದಾಟವೇ ಬೇಕು ಅಂದರೆ ಒಂದು ಸಂಜೆ ಹೋಗಿ ಮೂಲೆಯಲ್ಲಿ ಕೂತು ನೋಡಿ. ಮೌತ್ ಗಾರ್ಡ್, ಗ್ಲೌಸ್ ಬಳಕೆಯಲ್ಲಿವೆಯಾ? ಹಳಬರು ಹೊಸಬರ ಜೊತೆ, ಹೇಳಿಕೊಟ್ಟ ವರಸೆ ಬಿಟ್ಟು ಸ್ವತಂತ್ರವಾಗಿ ಸ್ಪಾರಿಂಗ್ (ಅಭ್ಯಾಸದ ಹೊಡೆದಾಟ) ಮಾಡುತ್ತಾರಾ? ಮೇಷ್ಟ್ರು ಶಿಷ್ಯರ ಎದುರು ಬೆವರಿ ನಿಲ್ಲುತ್ತಾರಾ, ಅವರಿಗೂ ಆಗಾಗ ಒಂದು ಏಟು ಬೀಳುತ್ತಾ? ಹೌದು ಅಂದರೆ ಬೋರ್ಡಿನ ಮೇಲೆ ಏನೇ ಬರೆದಿರಲಿ, ಫೀಸು ಕಟ್ಟಿ. ಮೊದಲ ತಿಂಗಳು ಮೂಗಿಗೆ ಬೀಳುತ್ತೆ, ಮನೆಯಲ್ಲಿ ಮೊದಲೇ ಹೇಳಿಟ್ಟಿರಿ.