ಗಂಡಿನ ಕಡೆಯವರು

ಮದುವೆ ಹಾಲ್‌ನಲ್ಲಿ ಗಂಡಿನ ಕಡೆಯವರನ್ನು ಗುರುತಿಸುವುದು ಸುಲಭ. ಬಸ್ಸಿನಿಂದ ಇಳಿಯುವಾಗ ಎಲ್ಲರೂ ಮಾಮೂಲಿ ಮನುಷ್ಯರೇ. ಮೆಟ್ಟಿಲು ಹತ್ತಿ, ತಲೆ ಮೇಲೆ ನಾಲ್ಕು ಹನಿ ಪನ್ನೀರು ಬಿದ್ದ ಕೂಡಲೇ ಬೆನ್ನು ನೆಟ್ಟಗಾಗುತ್ತದೆ. ಕಾಫಿ ಬಿಸಿ ಸಾಲದು. ಫ್ಯಾನಿನ ಗಾಳಿ ಈಚೆ ಬರುವುದಿಲ್ಲ. ಹೋಳಿಗೆಗೆ ತುಪ್ಪ ಬಡಿಸುವವನು ನಮ್ಮ ಪಂಕ್ತಿಗೆ ಬರುವಾಗಲೇ ಕೈ ಬಿಗಿ ಮಾಡಿದ. ಕೈಮುಗಿಯುವ ಕೆಲಸ ಹೆಣ್ಣಿನ ಕಡೆಯವರದ್ದು, ಅದನ್ನು ನೋಡಿ ಗಂಭೀರವಾಗಿ ತಲೆಯಾಡಿಸುವ ಕೆಲಸ ನಮ್ಮದು.

ನನಗಿರುವುದು ಒಬ್ಬನೇ ಮಗ. ಅಂದರೆ ನಾನು ಬದುಕಿಡೀ ಗಂಡಿನ ಕಡೆಯವಳು. ಹಾಗಾಗಿ ಸೊಸೆಯ ಅಪ್ಪ ಅಮ್ಮನಿಗೆ ಒಂದು ಕೃತಜ್ಞತೆಯ ಮಾತು ಹೇಳಬೇಕು ಅನ್ನಿಸಿದಾಗ ಅದಕ್ಕೆ ನಮ್ಮಲ್ಲಿ ಕ್ರಮವೇ ಇಲ್ಲ ಎಂದು ಗೊತ್ತಾಯಿತು. ಮಗಳನ್ನು ಕೊಟ್ಟವರು "ಒಳ್ಳೆ ಮನೆ ಸಿಕ್ಕಿತು, ದೇವರು ದೊಡ್ಡವನು" ಎಂದರೆ ಎಲ್ಲರೂ ಹೌದೌದು ಎನ್ನುತ್ತಾರೆ. ಮಗನ ತಾಯಿ ಅದೇ ಮಾತು ಹೇಳಲಿ, ನೋಡಿ. "ಎಂತ, ಮಗ ಮನೆ ಅಳಿಯ ಆದನಾ?" ತುಳುನಾಡಿನಲ್ಲಿ ಇದನ್ನು ಕೇಳುವುದೇ ತಮಾಷೆ. ಅಳಿಯಕಟ್ಟಿನ ಎಷ್ಟೋ ಕುಟುಂಬಗಳಲ್ಲಿ ಮನೆತನ ಮುಂದುವರಿದದ್ದೇ ಹೆಣ್ಣುಮಕ್ಕಳಿಂದ. 1949ರಲ್ಲಿ ಮದ್ರಾಸ್ ಸರ್ಕಾರ ಆ ಕಟ್ಟಿಗೆಂದೇ ಒಂದು ಕಾಯ್ದೆ ಮಾಡಿತ್ತು. ನಮ್ಮದು ಆ ಕಟ್ಟಲ್ಲ, ಸರಿ. ಆದರೆ ಅಕ್ಕಪಕ್ಕದ ಗಾಳಿಯಾದರೂ ತಾಗಬೇಡವಾ?

ಬೀಗರ ಮನೆ ಮಂಗಳೂರಿನ ರಥಬೀದಿ ಹತ್ತಿರ. ನಮ್ಮದು ಉಡುಪಿಯ ರಥಬೀದಿಯಿಂದ ನಡೆಯುವಷ್ಟು ದೂರ. ಅಲ್ಲಿ ವೆಂಕಟರಮಣ, ಇಲ್ಲಿ ಕೃಷ್ಣ, ನಡುವೆ ಎಕ್ಸ್‌ಪ್ರೆಸ್ ಬಸ್ಸು. ಅವರ ಮನೆಮಾತು ಕೊಂಕಣಿ, ನಮ್ಮದು ತುಳು. ಅವರಿಗೆ ತುಳು ಚೆನ್ನಾಗಿಯೇ ಬರುತ್ತದೆ. ಮಾರ್ಕೆಟ್ಟಿನಲ್ಲಿ ಅವರು ಚೌಕಾಸಿ ಮಾಡುವ ತುಳು ಕೇಳಿದರೆ ನಮ್ಮ ತುಳು ನಾಚಬೇಕು. ಆದರೂ ಬೀಗರು ಎದುರಾದರೆ ಎರಡೂ ಕಡೆಯವರು ಮರ್ಯಾದೆಗೆ ಕನ್ನಡ ಮಾತಾಡುತ್ತೇವೆ. ಶಾಲೆಯಲ್ಲಿ ಕಲಿತ ಕನ್ನಡ. ಅದರಲ್ಲಿ ನಮಗೆ ಜಗಳ ಮಾಡಲಿಕ್ಕೇ ಬರುವುದಿಲ್ಲ. ನಮ್ಮ ಸಂಬಂಧ ಇಷ್ಟು ಚೆನ್ನಾಗಿರುವುದಕ್ಕೆ ಇದೂ ಒಂದು ಕಾರಣ ಇರಬಹುದು.

ಮಗ ಸೊಸೆ ಇಬ್ಬರಿಗೂ ಕೆಲಸ ಮಂಗಳೂರಿನಲ್ಲೇ. ಬಾಡಿಗೆ ಮನೆ ಬೀಗರ ಮನೆಯಿಂದ ಹತ್ತು ನಿಮಿಷದ ದಾರಿ. ಮೊದಮೊದಲು ಅಲ್ಲಿ ಅಳಿಯನಿಗೆ ಹೊಸ ಟವೆಲ್, ಬೇರೆಯೇ ತಟ್ಟೆ, ಫ್ಯಾನಿನ ಕೆಳಗಿನ ಕುರ್ಚಿ. ಕೇಳಿ ನನಗೆ ಸ್ವಲ್ಪ ಹೆಮ್ಮೆಯಾದದ್ದು ಸುಳ್ಳಲ್ಲ. ಆಮೇಲೊಮ್ಮೆ ಹೇಳದೆ ಕೇಳದೆ ಹೋದೆ. ನೋಡುವುದೇನು, ನನ್ನ ಮಗ ಹೆರೆಮಣೆ ಮೇಲೆ ಕೂತು ಕಾಯಿ ಹೆರೆಯುತ್ತಿದ್ದಾನೆ. ನಮ್ಮ ಮನೆಯಲ್ಲಿ ಉಂಡ ತಟ್ಟೆ ಎತ್ತದವನು! ಮೇಲಿಂದ ಅವನ ಅತ್ತೆ, "ಕರಟಕ್ಕೆ ತಾಗುವಷ್ಟು ಹೆರೆಯಬೇಡ ಮಾರಾಯ, ಕಪ್ಪು ಬರ್ತದೆ" ಎಂದು ಗದರುತ್ತಿದ್ದಾರೆ. ಮದುವೆಯಲ್ಲಿ "ನೀವು, ತಾವು" ಎಂದು ಮಾತಾಡಿಸುತ್ತಿದ್ದವರು. ನನ್ನನ್ನು ಕಂಡು ಅವರಿಗೆ ಗಾಬರಿ. ಅವನಿಗೇನೂ ಇಲ್ಲ. "ಮಾಂಯಿ, ಇಷ್ಟು ಸಾಕಾ?" ಎಂದು ಕೇಳಿದ. ನನಗಾದ ಖುಷಿಯನ್ನು ಅಲ್ಲಿ ತೋರಿಸುವಂತಿರಲಿಲ್ಲ. ಗಂಡಿನ ತಾಯಿ ಅಲ್ವಾ.

ಹೊಸ ಟವೆಲ್ ಕೊಡುವುದು ಕಷ್ಟವಲ್ಲ, ಅಂಗಡಿಯಲ್ಲಿ ಸಿಗುತ್ತದೆ. ಇನ್ನೊಬ್ಬರ ಮಗನಿಗೆ ಸಲುಗೆಯಿಂದ ಗದರಲು ಧೈರ್ಯ ಬೇಕು.

ಒಂದು ಮಳೆಗಾಲ ಅವನಿಗೆ ಮಲೇರಿಯಾ ಬಂತು. ಮಂಗಳೂರಿನಲ್ಲಿ ಮಳೆಗಾಲದ ಜ್ವರ ಅಂದರೆ ಮೊದಲು ರಕ್ತ ಪರೀಕ್ಷೆ ಮಾಡಿಸು ಎನ್ನುತ್ತಾರೆ. ಸೊಸೆ ಆಫೀಸಿನ ಕೆಲಸಕ್ಕೆ ಬೇರೆ ಊರಿಗೆ ಹೋಗಿದ್ದಳು. ಬೀಗರೇ ಅವನನ್ನು ತಮ್ಮ ಮನೆಗೆ ಕರೆತಂದು ಮಲಗಿಸಿ, ಆಮೇಲೆ ನನಗೆ ಫೋನ್ ಮಾಡಿದರು. ನಾನು ಓಡಿಹೋದಾಗ ಮಗನ ತಲೆದಿಂಬಿನ ಪಕ್ಕ ಒಂದು ನೋಟ್‌ಬುಕ್ಕು. ಎಷ್ಟು ಗಂಟೆಗೆ ಎಷ್ಟು ಜ್ವರ, ಯಾವ ಮಾತ್ರೆ, ಎಷ್ಟು ಸೌಟು ಗಂಜಿ, ಎಲ್ಲ ಬೀಗರ ದುಂಡಗಿನ ಅಕ್ಷರದಲ್ಲಿ. ಅಂಗಡಿ ಲೆಕ್ಕ ಬರೆದು ಪಳಗಿದ ಕೈ. ನಾನೊಬ್ಬಳೇ ಇದ್ದಿದ್ದರೆ ಅಳುವುದು ಬಿಟ್ಟು ಏನನ್ನೂ ಇಷ್ಟು ನೀಟಾಗಿ ಮಾಡುತ್ತಿರಲಿಲ್ಲ.

ಅದು ವೈವಾಕ್ಸ್ ಮಲೇರಿಯಾ. ಜ್ವರ ಬೇಗ ಇಳಿಯುತ್ತದೆ, ಆದರೆ ಅದರ ರೋಗಾಣು ಲಿವರ್‌ನಲ್ಲಿ ಅಡಗಿ ಕೂತು ಎಷ್ಟೋ ದಿನ ಕಳೆದ ಮೇಲೆ ಎದ್ದು ಬರುತ್ತದಂತೆ. ಅದಕ್ಕೇ ಡಾಕ್ಟರು 14 ದಿನ ಪ್ರೈಮಾಕ್ವಿನ್ ಬರೆಯುತ್ತಾರೆ. ನನ್ನ ಮಗನ ಸ್ವಭಾವ ನನಗೆ ಗೊತ್ತು. ಜ್ವರ ಬಿಟ್ಟ ಮರುದಿನ ಮಾತ್ರೆಯನ್ನೂ ಬಿಡುವವನು. ಅವನು ಬಾಡಿಗೆ ಮನೆಗೆ ಮರಳಿದ ಮೇಲೂ ಬೀಗರು ರಾತ್ರಿ ಊಟದ ಹೊತ್ತಿಗೆ ಫೋನ್ ಮಾಡುತ್ತಿದ್ದರು. "ನುಂಗಿದ್ಯಾ?" ಅಷ್ಟೇ ಮಾತು. ಹೂಂ ಎಂದ ಮೇಲೆ ನೋಟ್‌ಬುಕ್ಕಿನಲ್ಲಿ ಒಂದು ಟಿಕ್. ಹದಿನಾಲ್ಕೂ ಟಿಕ್ ಬಿದ್ದ ಆ ಹಾಳೆಯನ್ನು ಸೊಸೆ ಫೋಟೊ ತೆಗೆದು ನನಗೆ ಕಳಿಸಿದಳು.

ಆವಾಗಲೇ ನಾನು ಬೀಗಿತ್ತಿಗೆ ಫೋನ್ ಮಾಡಿ ಹೇಳಿಯೇಬಿಟ್ಟೆ. "ನೀವು ಮಾಡಿದ್ದಕ್ಕೆ ನಾವು ಏನು ಕೊಟ್ಟರೂ ಸಾಲದು." ಆ ಕಡೆ ಮೌನ. ಆಮೇಲೆ ಸಣ್ಣ ದನಿಯಲ್ಲಿ, "ಎಂತ ಅಕ್ಕ, ನಮ್ಮಿಂದ ಏನಾದ್ರೂ ತಪ್ಪಾಯ್ತಾ?" ಪಾಪ, ಗಂಡಿನ ಕಡೆಯವರು ಇಷ್ಟು ಮೆತ್ತಗೆ ಮಾತಾಡಿದ್ದನ್ನು ಅವರು ಯಾವಾಗ ಕೇಳಿದ್ದಾರೆ?

ಮಾತು ಬೇಡ, ವಸ್ತು ಕೊಡೋಣ ಎಂದು ಚಳಿಗಾಲದಲ್ಲಿ ಮಟ್ಟುಗುಳ್ಳ ಕೊಂಡುಹೋದೆ. ಅದು ಸಾಮಾನ್ಯ ಬದನೆಯಲ್ಲ. ಸೋದೆ ಮಠದ ಯತಿ ವಾದಿರಾಜ ಸ್ವಾಮಿಗಳೇ ಮಟ್ಟು ಊರಿನವರಿಗೆ ಬೀಜ ಕೊಟ್ಟರು ಎಂಬ ನಂಬಿಕೆ ಉಂಟು. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ನಾವು ಅದಕ್ಕೆ ಕಾಯಿ ಅರೆದು, ಚೂರು ಬೆಲ್ಲ ಹಾಕಿ ಹುಳಿ ಮಾಡುವವರು. ಬೀಗಿತ್ತಿ ಕಾಯಿ ಮುಟ್ಟಲಿಲ್ಲ. ಬೋಳು ಕೊದ್ದೆಲ್ ಅಂತ ಕೊಂಕಣಿಗರ ಸಾರು ಮಾಡಿ, ಮೇಲೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರು. ವಾದಿರಾಜರ ಗುಳ್ಳಕ್ಕೆ ಬೆಳ್ಳುಳ್ಳಿ! ಕಣ್ಣು ಮುಚ್ಚಿ ಒಂದು ತುತ್ತು ಬಾಯಿಗಿಟ್ಟೆ. ಎರಡನೇ ಸಲ ನಾನೇ ಕೇಳಿ ಹಾಕಿಸಿಕೊಂಡೆ. ಈ ಸಂಗತಿ ನನ್ನ ಅತ್ತೆಗೆ ಗೊತ್ತಿಲ್ಲ, ಯಾರೂ ಹೇಳಬೇಡಿ. ಹೊರಡುವಾಗ ನನ್ನ ಚೀಲ ತಂದದ್ದಕ್ಕಿಂತ ಭಾರವಾಗಿತ್ತು. ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಜೊತೆಗೊಂದು ಸೀರೆ. ಇವರ ಋಣ ತೀರಿಸಲು ಹೋದರೆ ಅದು ಬೆಳೆಯುತ್ತಲೇ ಇರುತ್ತದೆ.

ಈಗ ರಥಸಪ್ತಮಿ ಹತ್ತಿರ ಬಂತು, ಕೋಡಿಯಾಲ್ ತೇರು, ಅಂದರೆ ಮಂಗಳೂರಿನ ವೆಂಕಟರಮಣನ ರಥೋತ್ಸವ. ಬೀಗಿತ್ತಿಯ ಫೋನ್ ಬಂದಿತ್ತು. "ಅಕ್ಕ, ಮನೆ ತುಂಬ ನೆಂಟರು ಬರ್ತಾರೆ. ನೀವು ಮುಂಚಿನ ದಿನವೇ ಬನ್ನಿ, ತರಕಾರಿ ಹೆಚ್ಚಲಿಕ್ಕೆ ಜನ ಸಾಲದು." ನನ್ನ ತಂಗಿಗೆ ಹೇಳಿದರೆ ಅವಳು ಬಾಯಿ ಬಿಟ್ಟು ನೋಡಿದಳು. "ಗಂಡಿನ ತಾಯಿಯನ್ನು ತರಕಾರಿ ಹೆಚ್ಚಲಿಕ್ಕೆ ಕರೆಯುವುದಾ?" ನಾನು ಉತ್ತರ ಕೊಡಲಿಲ್ಲ. ನನ್ನ ಚಿಂತೆ ಬೇರೆ. ಅವರ ಮನೆಯ ಮೆಟ್ಟುಕತ್ತಿ ಮೊಂಡು. ನಮ್ಮದನ್ನೇ ಕೊಂಡುಹೋಗೋಣ ಅಂದರೆ, ರಶ್ಶಿನ ಬಸ್ಸಿನಲ್ಲಿ ಅದನ್ನು ಹಿಡಿದು ನಿಲ್ಲಲು ಕಂಡಕ್ಟರ್ ಬಿಡಬೇಕಲ್ಲ.