ಹೊಸ ಹ್ಯಾಂಡ್‌ಹೆಲ್ಡ್ ಗೇಮ್ ಕನ್ಸೋಲ್: ಬಂದ ಕೂಡಲೇ ಕೊಳ್ಳುವುದೋ, ಕಾಯುವುದೋ?

ಪರ: ಕೊಳ್ಳುವುದೇ ಆದರೆ ಮೊದಲ ವಾರದಲ್ಲೇ ಕೊಳ್ಳಿ

ಕಾದರೆ ಬೆಲೆ ಇಳಿಯುತ್ತದೆ ಎಂಬ ಲೆಕ್ಕ ಈಗ ನಡೆಯುವುದಿಲ್ಲ. 2017ರ ಮಾರ್ಚ್ 3ರಂದು ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊ ಸ್ವಿಚ್ ಬಂದಾಗ ಅಮೆರಿಕದಲ್ಲಿ ಅದಕ್ಕೆ 299.99 ಡಾಲರ್. ಎಂಟು ವರ್ಷ ಆ ಬೆಲೆ ಅಲುಗಾಡಲಿಲ್ಲ. 2025ರ ಆಗಸ್ಟ್‌ನಲ್ಲಿ ಕೊನೆಗೂ ಬದಲಾದಾಗ ಏರಿದ್ದು 339.99ಕ್ಕೆ. ಹಳೆಯ ಯಂತ್ರಕ್ಕೆ 40 ಡಾಲರ್ ಹೆಚ್ಚು! ಅದೇ ತಿಂಗಳು ಅಲ್ಲಿ ಪ್ಲೇಸ್ಟೇಷನ್ 5 ಕೂಡ 50 ಡಾಲರ್ ತುಟ್ಟಿಯಾಯಿತು. ಮೊದಲೆಲ್ಲ ವರ್ಷ ಕಳೆದಂತೆ ಚಿಪ್ ಚಿಕ್ಕದಾಗುತ್ತಿತ್ತು, ತಯಾರಿಕೆಯ ಖರ್ಚು ಇಳಿಯುತ್ತಿತ್ತು, ಅದರಲ್ಲಿ ಒಂದು ಪಾಲು ಕೊಳ್ಳುವವರಿಗೂ ಸಿಗುತ್ತಿತ್ತು. ಈಗ ಚಿಪ್ ಚಿಕ್ಕದಾದರೂ ಅಗ್ಗವಾಗುತ್ತಿಲ್ಲ, ಅದರ ಮೇಲೆ ಆಮದು ಸುಂಕ ಬೇರೆ.

ಹೊಸ ಯಂತ್ರಕ್ಕೆ ಆಟಗಳೇ ಇರುವುದಿಲ್ಲ ಎಂಬ ದೂರು ಹಿಂದೆ ನ್ಯಾಯವಾಗಿತ್ತು. 2025ರ ಜೂನ್ 5ರಂದು 449.99 ಡಾಲರ್‌ಗೆ ಬಂದ ಸ್ವಿಚ್ 2ರಲ್ಲಿ ಹಳೆಯ ಸ್ವಿಚ್‌ನ ಬಹುಪಾಲು ಆಟಗಳು ಮೊದಲ ದಿನವೇ ಓಡಿದವು. ನಾಲ್ಕೇ ದಿನಗಳಲ್ಲಿ 35 ಲಕ್ಷ ಮಾರಾಟ, ಸೆಪ್ಟೆಂಬರ್ ಕೊನೆಗೆ 1 ಕೋಟಿ ದಾಟಿತು. ಇಷ್ಟು ಜನ ಕೊಂಡ ಯಂತ್ರಕ್ಕೆ ಆಟ ಮಾಡುವವರು ತಾವಾಗಿಯೇ ಬರುತ್ತಾರೆ.

ತಡ ಮಾಡಿದವರ ಪಾಡನ್ನೂ ನೋಡಬೇಕು. ಜಪಾನಿನಲ್ಲಿ ಸ್ವಿಚ್ 2 ಯಾರಿಗೆ ಮಾರುವುದೆಂದು ನಿಂಟೆಂಡೊದ ಸ್ವಂತ ಅಂಗಡಿ ಎತ್ತಿದ ಲಾಟರಿಗೆ ಸುಮಾರು 22 ಲಕ್ಷ ಅರ್ಜಿ ಬಂದವು. ಹಳೆಯ ಸ್ವಿಚ್‌ನಲ್ಲಿ 50 ಗಂಟೆ ಆಡಿರಬೇಕು, ಆನ್‌ಲೈನ್ ಸದಸ್ಯತ್ವ ಒಟ್ಟು ಒಂದು ವರ್ಷ ಇದ್ದಿರಬೇಕು ಎಂಬ ಷರತ್ತಿದ್ದೂ ಅಷ್ಟು! ಅಲ್ಲಿ ಸಿಗದವರಿಗೆ ಉಳಿಯುವುದು ಮರುಮಾರಾಟದವರು ಹೇಳಿದ ಬೆಲೆ.

ಮೊದಲ ಮಾದರಿಯೇ ಕಳಪೆ ಎನ್ನುವುದೂ ಎಲ್ಲ ಕಾಲಕ್ಕೂ ನಿಜವಲ್ಲ. ಸೋನಿಯ ಹ್ಯಾಂಡ್‌ಹೆಲ್ಡ್ ಆದ 2011ರ ಪಿಎಸ್ ವೀಟಾಕ್ಕೆ ಒಎಲ್‌ಇಡಿ (ಪ್ರತಿ ಚುಕ್ಕೆಯೂ ತಾನೇ ಬೆಳಗುವ) ಪರದೆ ಇತ್ತು. 2013ರ ತೆಳು ಮಾದರಿಗೆ ಬಂದದ್ದು ಹಿಂದಿನಿಂದ ಬೆಳಕು ಬೀಳುವ ಎಲ್‌ಸಿಡಿ. ಕಡುಗಪ್ಪು ಬಣ್ಣಕ್ಕಾಗಿ ಇವತ್ತಿಗೂ ಜನ ಹುಡುಕುವುದು ಮೊದಲನೆಯದನ್ನೇ.

ಸ್ವಿಚ್ 2 ಕೈಗೆ ಬಂದ ದಿನ ಮಾಡಬೇಕಾದದ್ದಿಷ್ಟು. ಪರದೆಯ ಮೇಲೆ ಕಾರ್ಖಾನೆಯಲ್ಲೇ ಅಂಟಿಸಿದ ತೆಳುವಾದ ಪೊರೆಯೊಂದಿದೆ, ಅಂಚಿನಲ್ಲಿ ಉಗುರಿಗೆ ಸಿಗುವಂಥದ್ದು. ಪ್ಯಾಕಿಂಗ್ ಹಾಳೆ ಅಂದುಕೊಂಡು ಕೀಳಬೇಡಿ. ಗಾಜು ಒಡೆದರೆ ಚೂರು ಸಿಡಿಯದಂತೆ ತಡೆಯುವುದು ಅದೇ. ಸ್ಕ್ರೀನ್ ಗಾರ್ಡ್ ಹಾಕುವುದಿದ್ದರೆ ಅದರ ಮೇಲೆಯೇ ಹಾಕಿ. ಆಮೇಲೆ ಸಾಫ್ಟ್‌ವೇರ್ ಅಪ್‌ಡೇಟ್. ಅದಿಲ್ಲದೆ ಹಳೆಯ ಆಟಗಳು ಓಡುವುದಿಲ್ಲ. ಹಳೆಯದರಿಂದ ಡೇಟಾ ಸಾಗಿಸುವಾಗ ಎರಡನ್ನೂ ಚಾರ್ಜರ್‌ಗೆ ಹಾಕಿ ಹತ್ತಿರ ಹತ್ತಿರ ಇಡಿ. ಮೆಮೊರಿ ಕಾರ್ಡ್‌ನಲ್ಲಿದ್ದ ಆಟಗಳನ್ನು ಮತ್ತೆ ಡೌನ್‌ಲೋಡ್ ಮಾಡಬೇಕಾಗುತ್ತದೆ. ಸೇವ್ ಫೈಲ್ ಹೊಸದರಲ್ಲಿ ತೆರೆಯುವುದನ್ನು ಕಣ್ಣಾರೆ ಕಾಣುವ ತನಕ ಹಳೆಯದನ್ನು ರೀಸೆಟ್ ಮಾಡಬೇಡಿ, ಮಾರಲೂ ಬೇಡಿ.

ವಿರೋಧ: ಎರಡನೆಯ ಮಾದರಿ ಬರುವ ತನಕ ತಡೆಯಿರಿ

ಬೆಲೆ ಇಳಿಯುವುದಿಲ್ಲ ಎಂದೇ ಇಟ್ಟುಕೊಳ್ಳೋಣ. ಅದೇ ದುಡ್ಡಿಗೆ ಸಿಗುವ ಯಂತ್ರ ಮಾತ್ರ ಸುಧಾರಿಸುತ್ತಲೇ ಇದೆ. 2017ರ ಸ್ವಿಚ್‌ನ ಬ್ಯಾಟರಿ ಎರಡೂವರೆಯಿಂದ ಆರೂವರೆ ಗಂಟೆ ಬರುತ್ತಿತ್ತು. 2019ರ ಆಗಸ್ಟ್‌ನಲ್ಲಿ ಅದೇ 299.99ಕ್ಕೆ ಬಂದ ಪರಿಷ್ಕೃತ ಮಾದರಿ ನಾಲ್ಕೂವರೆಯಿಂದ ಒಂಬತ್ತು ಗಂಟೆ ಎಳೆಯಿತು. ಬ್ಯಾಟರಿ ಅದೇ; ಒಳಗಿನ ಚಿಪ್‌ನ ತಯಾರಿಕೆ ಮಾತ್ರ 20ರಿಂದ 16 ನ್ಯಾನೊಮೀಟರ್‌ಗೆ ಇಳಿದು, ಅದು ಕಡಿಮೆ ವಿದ್ಯುತ್ ಬಳಸುತ್ತಿತ್ತು.

ವಾಲ್ವ್ ಕಂಪನಿಯ ಹ್ಯಾಂಡ್‌ಹೆಲ್ಡ್ ಸ್ಟೀಮ್ ಡೆಕ್‌ನಲ್ಲಂತೂ ಮೊದಲು ಕೊಂಡವರಿಗೆ ಎರಡು ಕಡೆಯಿಂದಲೂ ನಷ್ಟ. 2022ರಲ್ಲಿ 512 ಜಿಬಿ ಎಲ್‌ಸಿಡಿ ಮಾದರಿಗೆ 649 ಡಾಲರ್. 2023ರ ನವೆಂಬರ್‌ನಲ್ಲಿ ಅಷ್ಟೇ ಜಿಬಿಯ ಒಎಲ್‌ಇಡಿ 549ಕ್ಕೆ ಬಂತು. ಬ್ಯಾಟರಿ 40ರಿಂದ 50 ವಾಟ್-ಅವರ್‌ಗೆ ಏರಿತು, ಪರದೆ 7ರಿಂದ 7.4 ಇಂಚಿಗೆ ಬೆಳೆಯಿತು. ನೂರು ಡಾಲರ್ ಹೆಚ್ಚು ಕೊಟ್ಟವರ ಕೈಯಲ್ಲಿ ಉಳಿದದ್ದು ಕಡಿಮೆಯ ಯಂತ್ರ.

ಮೊದಲ ವಾರಗಳ ಮಾರಾಟ ನೋಡಿ ಧೈರ್ಯ ತಂದುಕೊಳ್ಳುವುದೂ ತಪ್ಪು. ಕಂಪನಿ ಪ್ರಕಟಿಸುವ ಅಂಕಿ ಸಾಮಾನ್ಯವಾಗಿ ಅಂಗಡಿಗಳಿಗೆ ಕಳಿಸಿದ್ದರ ಲೆಕ್ಕ, ಗಿರಾಕಿಯ ಮನೆ ಸೇರಿದ್ದರದ್ದಲ್ಲ. 2011ರ ಫೆಬ್ರವರಿ ಕೊನೆಗೆ ಜಪಾನಿನಲ್ಲಿ, ಮಾರ್ಚ್ ಕೊನೆಗೆ ಯುರೋಪು, ಅಮೆರಿಕದಲ್ಲಿ ಬಂದ ನಿಂಟೆಂಡೊ 3ಡಿಎಸ್ ಆ ಮಾರ್ಚ್ ಮುಗಿಯುವಷ್ಟರಲ್ಲಿ 36.1 ಲಕ್ಷ ಹೋಗಿತ್ತು. ಮುಂದಿನ ಮೂರು ತಿಂಗಳಿಗೆ ಜಗತ್ತಿಡೀ ಸೇರಿ ಬರೀ 7.1 ಲಕ್ಷ. ಆಗಸ್ಟ್‌ನಲ್ಲಿ ಬೆಲೆಯನ್ನು 25,000 ಯೆನ್‌ನಿಂದ 15,000ಕ್ಕೆ, 249.99 ಡಾಲರ್‌ನಿಂದ 169.99ಕ್ಕೆ ಕಡಿದರು. ಮೊದಲೇ ಕೊಂಡವರಿಗೆ ಸಮಾಧಾನಕ್ಕೆಂದು 20 ಹಳೆಯ ಆಟಗಳನ್ನು ಪುಕ್ಕಟೆ ಕೊಟ್ಟರು. ಆ ಯಂತ್ರ ಕೊನೆಗೆ 7.5 ಕೋಟಿ ದಾಟಿತು ನಿಜ, ಆದರೆ ಆ ಗೆಲುವು ಬೆಲೆ ಇಳಿದು, ಮಾರಿಯೊ ಆಟಗಳು ಬಂದ ಮೇಲಿನದು.

ದೋಷಗಳು ಬಯಲಾಗುವುದು ಬಳಸಿದ ಮೇಲೆಯೇ. ಸ್ವಿಚ್‌ನ ಪಕ್ಕಕ್ಕೆ ಜೋಡಿಸುವ ಕಂಟ್ರೋಲರ್ ಜಾಯ್-ಕಾನ್‌ನ ಸ್ಟಿಕ್ ಒಳಗೆ ಕಾರ್ಬನ್ ಲೇಪದ ಪಟ್ಟಿಯ ಮೇಲೆ ಲೋಹದ ನಾಲಿಗೆಯೊಂದು ಉಜ್ಜುತ್ತ ಸಾಗುತ್ತದೆ. ತಿಂಗಳುಗಟ್ಟಲೆ ಆಡಿದ ಮೇಲೆ ಲೇಪ ಸವೆಯುತ್ತದೆ, ಪುಡಿ ಕೂರುತ್ತದೆ, ಬೆರಳು ಮುಟ್ಟದಿದ್ದರೂ ಪಾತ್ರ ತಾನಾಗಿ ಒಂದು ಕಡೆಗೆ ನಡೆಯತೊಡಗುತ್ತದೆ. ಮೊದಲ ದಿನದ ಪರೀಕ್ಷೆಯಲ್ಲಿ ಇದು ಸಿಕ್ಕುವುದೇ ಇಲ್ಲ. ಸ್ವಿಚ್ 2ರಲ್ಲೂ ಇರುವುದು ಉಜ್ಜುವ ಸ್ಟಿಕ್ಕೇ, ಕಾಂತದಿಂದ ಅಳೆಯುವ ಹಾಲ್ ಎಫೆಕ್ಟ್ ಅಲ್ಲ. ಹಾಗೆಯೇ ಏಸಸ್ ಕಂಪನಿಯ ಹ್ಯಾಂಡ್‌ಹೆಲ್ಡ್ ಆದ 2023ರ ಆರ್‌ಒಜಿ ಅಲೈಯಲ್ಲಿ ಬಿಸಿಗೆ ಎಸ್‌ಡಿ ಕಾರ್ಡ್ ರೀಡರ್ ಕೆಡಬಹುದೆಂದು ತಯಾರಕರು ಒಪ್ಪಿಕೊಂಡದ್ದು ಮಾರಾಟ ಶುರುವಾದ ಮೇಲೆ. 2024ರ ಅಲೈ ಎಕ್ಸ್‌ಗೆ ಬ್ಯಾಟರಿಯೂ ಇಮ್ಮಡಿಯಾಯಿತು: 40 ಇದ್ದದ್ದು 80 ವಾಟ್-ಅವರ್.

ಡಬ್ಬದ ಬೆಲೆಯ ಆಚೆಗೂ ಖರ್ಚಿದೆ. ಸ್ವಿಚ್ 2ರಲ್ಲಿ ಆಟ ಇಡಲು ಮೈಕ್ರೊಎಸ್‌ಡಿ ಎಕ್ಸ್‌ಪ್ರೆಸ್ ಕಾರ್ಡೇ ಬೇಕು. ಮನೆಯಲ್ಲಿರುವ ಸಾಮಾನ್ಯ ಕಾರ್ಡ್‌ನಿಂದ ಹಳೆಯ ಫೋಟೊ, ವಿಡಿಯೊ ತಂದುಕೊಳ್ಳಬಹುದು, ಅಷ್ಟೇ. ಹಿಂಬದಿಯಲ್ಲಿ ಎರಡು ಸಾಲು ಪಿನ್ ಇದ್ದ ಮಾತ್ರಕ್ಕೆ ನಂಬಬೇಡಿ, ಯುಎಚ್‌ಎಸ್-2 ಎಂಬ ಬೇರೆ ಬಗೆಯ ಕಾರ್ಡ್‌ಗೂ ಎರಡು ಸಾಲಿರುತ್ತದೆ. ಮುಂಬದಿಯಲ್ಲಿ ‘ಇಎಕ್ಸ್’ ಗುರುತು ಇರಬೇಕು.

ನಮ್ಮ ಕಡೆಯವರಿಗೆ ಇನ್ನೊಂದು ತೊಡಕು. ನಿಂಟೆಂಡೊ ಸ್ವಿಚ್ 2ನ್ನು ಭಾರತದಲ್ಲಿ ಅಧಿಕೃತವಾಗಿ ಬಿಡುಗಡೆ ಮಾಡಲಿಲ್ಲ. ಬೆಂಗಳೂರಿನ ಅಂಗಡಿಗೆ ಬರುವುದು ಹೊರದೇಶದ ಸರಕು, ವಾರಂಟಿಗೆ ಕೊಂಡ ದೇಶವನ್ನೇ ನೋಡಬೇಕು. ಜಪಾನಿನಲ್ಲಿ ಎರಡು ಬಗೆ ಮಾರಿದರು: 49,980 ಯೆನ್‌ನದರಲ್ಲಿ ಜಪಾನಿ ಭಾಷೆಯೊಂದೇ, ಅದೂ ಜಪಾನಿನ ಖಾತೆಗೆ ಮಾತ್ರ ಜೋಡಿಸಲು ಬರುತ್ತದೆ, ಬಹುಭಾಷೆಯದಕ್ಕೆ 69,980. ಬಿಡುಗಡೆಯ ಗಡಿಬಿಡಿಯಲ್ಲಿ ‘ಅಗ್ಗಕ್ಕೆ ಸಿಕ್ಕಿತು’ ಎಂದು ಕೈಗೆ ಬರುವುದು ಮೊದಲನೆಯದೇ ಆಗಿರಬಹುದು. ಹಣ ಕೊಡುವ ಮುಂಚೆ ಅಂಗಡಿಯಲ್ಲೇ ಆನ್ ಮಾಡಿಸಿ. ಮೊದಲ ಪರದೆಯಲ್ಲಿ ಭಾಷೆ ಆರಿಸಲು ಪಟ್ಟಿ ಬರದೆ ನೇರ ಜಪಾನಿಯಲ್ಲೇ ಶುರುವಾದರೆ ಡಬ್ಬ ಮುಚ್ಚಿ ವಾಪಸ್ ಕೊಡಿ.